ಮಗಳ ಕಿರುಬೆರಳು

ಮುರಿದ ಮೂಳೆ ಅಲುಗಾಡದ ಹಾಗೆ ಆಪರೇಷನ್ ಮಾಡಿ ಹಾಕಿದ್ದ ವೈರ್‌ನ ಇವತ್ತು ಮಗಳ ಬೆರಳಿಂದ ತೆಗೆದ್ರು, ಮೂಳೆ ಚೆನ್ನಾಗಿ ಕೂಡಿದೆಯಂತೆ, ಕೇಳಿ ಜೀವ ಬಂತು.

ಬಿದ್ದು ಕಿರುಬೆರಳು ಮುರಿದಾಗ ಪಟ್ಟಿ ಕಟ್ಟಿದ್ರೆ ಸಾಕೇನೋ ಅನ್ಸಿತ್ತು. ಡಾಕ್ಟ್ರು ಎಕ್ಸ್‌ರೇ ನೋಡಿ, ಎಲ್ಲಿ ಪುಟ್ಟಿ ಮುಷ್ಟಿ ಕಟ್ಟು ಅಂದ್ರು, ನೋಡಿದ್ರೆ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ಕೊಂಡಿದೆ. ಮಕ್ಕಳಲ್ಲಿ ಮೂಳೆ ಸ್ವಲ್ಪ ಬಾಗಿದ್ರೆ ಬೆಳೀತಾ ಬೆಳೀತಾ ಎಷ್ಟೋ ಸಲ ತಾನೇ ನೆಟ್ಟಗಾಗುತ್ತಂತೆ, ಆದ್ರೆ ತಿರುಚಿಕೊಂಡಿದ್ದು ಹಾಗೆ ಸರಿಹೋಗಲ್ವಂತೆ, ಅದಕ್ಕೇ ಆಪರೇಷನ್.

ಅನಸ್ತೇಶಿಯಾ ಕೊಡೋಕೆ ಮುಂಚೆ 6 ಗಂಟೆ ಕಾಲ ಊಟ ತಿಂಡಿ ಏನೂ ಕೊಡಂಗಿಲ್ಲ, ಹಸಿವು ಅಮ್ಮಾ ಅಂತ ಅಳೋ ಮಗುನ ಎತ್ಕೊಂಡು ಓಡಾಡಿದ್ದು, ಆಮೇಲೆ ಆ ಬಾಗಿಲ ಹತ್ರ ಅವಳನ್ನ ನರ್ಸ್ ಕೈಗೆ ಕೊಟ್ಟಿದ್ದು, ಅಬ್ಬಾ, ಯಾವ ತಾಯಿಗೂ ಬೇಡ.

ಇಷ್ಟೇ ಇಷ್ಟು ಬೆರಳು, ಅದಿಲ್ದೆ ಗುಂಡಿ ಹಾಕೋದೂ ಕಷ್ಟ, ಲೋಟ ಹಿಡಿಯೋದೂ ಕಷ್ಟ, ನೆಟ್ಟಗಿದ್ದಾಗ ಯಾರ್ ಯೋಚನೆ ಮಾಡ್ತಾರೆ ಇದನ್ನೆಲ್ಲ.

ಈಗ ಬೆರಳು ಬಿಗಿಯಾಗಿದೆ, ಬೆಚ್ಚಗಿನ ನೀರಲ್ಲಿ ಅದ್ದಿ ನಿಧಾನಕ್ಕೆ ಮಡಚಿಸ್ಬೇಕು. ಬಾಲ್ ಆಟ ಇನ್ನೂ ಸ್ವಲ್ಪ ದಿನ ಬೇಡ ಅಂದಿದಾರೆ, ಅವಳಿಗೆ ಈಗ ಅದೇ ದೊಡ್ಡ ಅಳು.