ಕೂರುವ ಮಣೆ, ಹೆರೆಯುವ ಮಣೆ

ಮಲೆನಾಡಿನ ಮನೆಗಳಲ್ಲಿ ಊಟಕ್ಕೆ ಕೂರುವುದು ಮಣೆಯ ಮೇಲೆ, ಕಾಯಿ ಹೆರೆಯುವುದೂ ಮಣೆಯಲ್ಲೇ. ಚಪಾತಿ ಲಟ್ಟಿಸುವುದಕ್ಕೆ ಇನ್ನೊಂದು ಮಣೆ. ಮಳೆಗಾಲದಲ್ಲಿ ಆಟಕ್ಕೆಂದು ಜಗಲಿಗೆ ಬರುವ ಚೆನ್ನೆಮಣೆಯ ಮೇಲಂತೂ ಯಾರೂ ಕೂರುವುದಿಲ್ಲ. ಅದರಲ್ಲಿರುವುದು ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿ. ಹಾಗಾಗಿ ಮಣೆ ಎಂದರೆ ಕೂರುವ ಹಲಗೆ ಎಂದಷ್ಟೇ ಹೇಳಿದರೆ ಅರ್ಧ ಅರ್ಥ ಹೊರಗೇ ಉಳಿಯುತ್ತದೆ. ನೆಲದ ಮೇಲೆ ಅಲುಗಾಡದೆ ನಿಂತು, ಮೇಲಿನ ಭಾರವನ್ನೋ ಕೆಲಸವನ್ನೋ ಹೊರುವ ಮರವೆಲ್ಲ ಮಣೆಯೇ.

ಹೆರೆಮಣೆಯನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಕಾಯಿ ಹೆರೆಯುವುದು ಮುಂದಿನ ಹಲ್ಲಿನ ಅಲಗು, ಹೆಸರು ಮಾತ್ರ ಹಿಂದಿನ ಮರದ್ದು. ಒಡೆದ ಕಾಯಿಯ ಕಡಿಯನ್ನು ಅಲಗಿನ ಮೇಲೆ ಒತ್ತಿದಾಗ ಮಣೆ ಮುಂದಕ್ಕೆ ಮಗುಚದಂತೆ ತಡೆಯುವುದು ಕೂತವರ ಭಾರ. ಮಣೆ ಗಿಡ್ಡವಾದರೆ ಹಿಂಬದಿ ಏಳುತ್ತದೆ. ಅಲಗಿನ ಬುಡ ಸಡಿಲವಾದರೆ ಕಡಿ ಜಾರಿ ಬೆರಳು ತರಚುತ್ತದೆ.

ಊಟದ ಮಣೆಗೆ ಹಲಸಿನ ಮರ ಒಳ್ಳೆಯದು. ಹಲಗೆಯ ಅಡಿಗೆ ಎಳೆಗೆ ಅಡ್ಡಲಾಗಿ ಎರಡು ಪಟ್ಟಿ ಕೊಡುತ್ತಾರೆ. ಅವು ಬರೀ ಎತ್ತರಕ್ಕಲ್ಲ, ಹಲಗೆ ಸೊಟ್ಟಗಾಗದಂತೆಯೂ ಹಿಡಿಯುತ್ತವೆ. ಆದರೆ ನಮ್ಮ ಮಳೆಗೆ ಮರ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಪಟ್ಟಿಯನ್ನು ಉದ್ದಕ್ಕೂ ಅಂಟು ಹಾಕಿ ಬಿಗಿದರೆ ಹಲಗೆಗೆ ಸರಿಯಲು ಜಾಗವಿಲ್ಲದೆ ಸೀಳು ಬಿಡುತ್ತದೆ. ತೋಡು ತೆಗೆದು ಪಟ್ಟಿಯನ್ನು ಜಾರಿಸಿ ಕೂರಿಸುವುದೇ ಸರಿ.

ಪದ ಅಚ್ಚ ದ್ರಾವಿಡ. ತಮಿಳಿನಲ್ಲಿ ಮಣೈ, ಮಲಯಾಳದಲ್ಲಿ ಮಣ, ತುಳುವಿನಲ್ಲೂ ಮಣೆಯೇ. ಕುರ್ಚಿ ಅರಬ್ಬಿಯ ಕುರ್ಸಿಯಿಂದ, ಅಲಮಾರು ಪೋರ್ಚುಗೀಸರ ಅರ್ಮಾರಿಯೊದಿಂದ ಬಂದವು.

ಬಂದವರಿಗೆ ಮೊದಲು ಮಣೆ, ಆಮೇಲೆ ಎಲೆ. ‘ಹೊಸಬರಿಗೆ ಮಣೆ ಹಾಕಿದರು’ ಎಂಬ ಪತ್ರಿಕೆಯ ಮಾತು ಈ ಉಪಚಾರದ್ದೇ. ಇದರ ಜೊತೆಗೆ ಮನ್ನಣೆಯನ್ನೂ ಮಣೆಗೆ ಗಂಟು ಹಾಕುವವರಿದ್ದಾರೆ. ಅದು ತಪ್ಪು, ಮನ್ನಣೆ ಬಂದದ್ದು ಮನ್ನಿಸು ಎಂಬುದರಿಂದ. ಇನ್ನು ಮದುವೆಯ ಸುದ್ದಿಯಲ್ಲಿ ‘ಹಸೆಮನೆ ಏರಿದರು’ ಎಂದು ಕಂಡರೆ ದಯವಿಟ್ಟು ತಿದ್ದಿ. ಹಸೆ ಬರೆದ ಜಾಗದಲ್ಲಿ ವಧೂವರರು ಕೂರುವುದು ಮಣೆಯ ಮೇಲೆ. ಅಲ್ಲಿ ಬೇಕಾದದ್ದು ಣಕಾರ.