ಕೇಶವಾನಂದ ಮೇಷ್ಟ್ರ ಕ್ಲಾಸಿನಲ್ಲಿ ನನ್ನ ರಾಜೀನಾಮೆ

ಕಳೆದ ತಿಂಗಳು ಒಂದು ಬೆಳಿಗ್ಗೆ ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಸಾಲು: ‘ಕೇಶವಾನಂದ ಹೋದರು.’ ಹೊರಗಿನವರು ಓದಿದ್ದರೆ ಯಾರೋ ಸ್ವಾಮೀಜಿ ಅಂದುಕೊಳ್ಳುತ್ತಿದ್ದರು. ಹೋದದ್ದು ನಮಗೆ ಸಂವಿಧಾನ ಕಲಿಸಿದ ಮೇಷ್ಟ್ರು. ಯಾವ ಪಾಠ ತೆಗೆದರೂ ಕೊನೆಗೆ ಸುಪ್ರೀಂ ಕೋರ್ಟಿನ ಹದಿಮೂರು ಜಡ್ಜ್‌ಗಳು ಕೂತು ತೀರ್ಪು ಕೊಟ್ಟ ಕೇಶವಾನಂದ ಭಾರತಿ ಕೇಸಿಗೇ ಬಂದು ನಿಲ್ಲುತ್ತಿದ್ದರು. ಹೆಸರು ಹಾಗೆ ಅಂಟಿಕೊಂಡಿತು.

ನಿಜ ಹೇಳಬೇಕೆಂದರೆ ಅವರಿಗೆ ಕೇಸಿಗಿಂತ ಆ ಪೀಠದಲ್ಲಿದ್ದ ಒಬ್ಬರ ಮೇಲೆ ಪ್ರೀತಿ ಜಾಸ್ತಿ. ಕೌಡೂರು ಸದಾನಂದ ಹೆಗ್ಡೆ. ನಮ್ಮ ಕಾರ್ಕಳ ಕಡೆಯವರು, 1909ರಲ್ಲಿ ಹುಟ್ಟಿದವರು. ವಕೀಲರಾಗಿ, ಸರ್ಕಾರಿ ವಕೀಲರಾಗಿ, 1952ರಲ್ಲಿ ರಾಜ್ಯಸಭೆಗೆ ಹೋದರು. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ಜಡ್ಜ್ ಆದರು. 1967ರಲ್ಲಿ ಸುಪ್ರೀಂ ಕೋರ್ಟು. “ವಕೀಲ ಪಾರ್ಲಿಮೆಂಟಿಗೆ ಹೋಗುವುದು ದೊಡ್ಡ ವಿಷಯ ಅಲ್ಲ ಮಾರಾಯ್ರೆ. ಅಲ್ಲಿಂದ ಜಡ್ಜ್ ಆಗಿ, ಪುನಃ ಅಲ್ಲಿಗೇ ಹೋದವರು ಎಷ್ಟು ಮಂದಿ ಹೇಳಿ?” ಎನ್ನುತ್ತಿದ್ದರು. ಸಿಲಬಸ್ಸಿನಲ್ಲಿ ಬೇರೆ ಏನೇನಿತ್ತೋ, ಈಗ ಒಂದೂ ನೆನಪಿಲ್ಲ.

ಒಂದು ದಿನ ಅವರನ್ನು ಸ್ವಲ್ಪ ಆಟ ಆಡಿಸೋಣ ಅನ್ನಿಸಿತು. ಸ್ಟಾಫ್ ರೂಮಿನಿಂದ ಕುರ್ಚಿ ಹೊತ್ತು ತಂದು ವೇದಿಕೆಯ ಮೇಲೆ ಹದಿಮೂರು ಜೋಡಿಸಿದೆವು. ಸೀನಿಯರ್‌ಗಳ ಕರಿ ಕೋಟು ಬೇಡಿ ತಂದೆವು. ಹದಿಮೂರು ಜನ ಕೂತೆವು. ನಾನು ಹೆಗ್ಡೆ, ಯಾಕೆಂದರೆ ನನ್ನ ದನಿ ದೊಡ್ಡದು. (ಆ ವರ್ಷ ಮೂಟ್ ಕೋರ್ಟಿನಲ್ಲಿ, ಅಂದರೆ ಅಣಕು ವಾದದ ಸ್ಪರ್ಧೆಯಲ್ಲಿ, ಕಾಲೇಜಿಗೆ ಬಹುಮಾನ ತಂದವನೂ ನಾನೇ. ಬೇರೆ ಯಾರೂ ಬರೆಯುವುದಿಲ್ಲ, ಅದಕ್ಕೆ ನಾನೇ ಬರೆದೆ.)

ಮೇಷ್ಟ್ರು ಬಂದರು. ಬಾಗಿಲಲ್ಲೇ ನಿಂತು ಬೆರಳು ಮಡಚಿ ಎಣಿಸಿದರು.

“ಹದಿಮೂರು. ಲೆಕ್ಕ ಸರಿ ಉಂಟು. ತೀರ್ಪು?”

ಬಾಯಿಪಾಠ ಒಪ್ಪಿಸಿದೆವು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ. ಏಳಕ್ಕೆ ಆರು.

“ತಾರೀಕು?”

“1973, ಏಪ್ರಿಲ್ 24 ಸರ್.”

“ಮರುದಿನ ಎಂಥ ಆಯಿತು?”

ಯಾರೂ ಬಾಯಿ ಬಿಡಲಿಲ್ಲ. ಅವರೇ ಹೇಳಿದರು. ಮುಖ್ಯ ನ್ಯಾಯಮೂರ್ತಿ ಆಗಲು ಸರದಿಯಲ್ಲಿ ಮುಂದಿದ್ದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಸರ್ಕಾರ ಎ.ಎನ್. ರೇ ಅವರನ್ನು ಆರಿಸಿತು. ಆ ಮೂವರು ಏಳು ಜನರ ಕಡೆ, ರೇ ಒಪ್ಪದ ಆರು ಜನರ ಗುಂಪಿನಲ್ಲಿದ್ದವರು. ಮೂವರೂ ರಾಜೀನಾಮೆ ಕೊಟ್ಟರು.

“ಇಲ್ಲಿ ಆ ಮೂವರು ಯಾರಪ್ಪ?”

ನಾವು ಮೂವರು ಹೆಮ್ಮೆಯಿಂದ ಕೈ ಎತ್ತಿದೆವು.

“ಹಾಗಾದರೆ ಹೊರಗೆ ನಡೆಯಿರಿ.”

ಕಾರಿಡಾರಿನಲ್ಲಿ ಇಪ್ಪತ್ತು ನಿಮಿಷ ನಿಂತೆವು. ಆ ಸೆಖೆಗೆ ಕೋಟಿನೊಳಗೆ ಬೆವರು ಇಳಿಯುತ್ತಿತ್ತು. ಪ್ರಿನ್ಸಿಪಾಲರು ಹಾದುಹೋಗುವಾಗ, ಇಲ್ಲಿ ಯಾಕೆ ನಿಂತಿದ್ದೀರಿ ಅಂದರು. ‘ಗ್ರೋವರ್’ ತಲೆ ತಗ್ಗಿಸಿ, “ರಾಜೀನಾಮೆ ಕೊಟ್ಟಿದ್ದೇವೆ ಸರ್” ಅಂದ.

ಅಷ್ಟರಲ್ಲಿ ಒಳಗಿನಿಂದ ಕೂಗು: “1977 ಬಂತು. ಹೆಗ್ಡೆ ಒಬ್ಬ ಒಳಗೆ ಬಾ.”

ಹೋದೆ. ಮೇಷ್ಟ್ರು ತಮ್ಮ ಕುರ್ಚಿಯಲ್ಲೇ ನನ್ನನ್ನು ಕೂರಿಸಿ, ತಾವು ಪಕ್ಕದಲ್ಲಿ ನಿಂತು ಪಾಠ ಮುಂದುವರಿಸಿದರು. ಆ ಚುನಾವಣೆಯಲ್ಲಿ ಕರ್ನಾಟಕದ 28 ಸೀಟಿನಲ್ಲಿ 26 ಕಾಂಗ್ರೆಸ್ಸಿಗೆ. ಜನತಾ ಪಕ್ಷಕ್ಕೆ ಸಿಕ್ಕಿದ್ದು ಎರಡೇ. ಅದರಲ್ಲಿ ಒಂದು ಬೆಂಗಳೂರು ದಕ್ಷಿಣ, ಗೆದ್ದವರು ಹೆಗ್ಡೆ. ಸೋತವರು ಕೆಂಗಲ್ ಹನುಮಂತಯ್ಯ, ಅವರೂ ವಕೀಲರೇ. ಜುಲೈನಲ್ಲಿ ಸ್ಪೀಕರ್ ಸಂಜೀವ ರೆಡ್ಡಿ ರಾಷ್ಟ್ರಪತಿಯಾದರು, ಸ್ಪೀಕರ್ ಕುರ್ಚಿ ಹೆಗ್ಡೆಯವರಿಗೆ ಬಂತು. 1978ರ ಡಿಸೆಂಬರಿನಲ್ಲಿ ಲೋಕಸಭೆ ಇಂದಿರಾ ಗಾಂಧಿಯವರನ್ನು ಉಚ್ಚಾಟನೆ ಮಾಡುವಾಗ ಸ್ಪೀಕರ್ ಯಾರು? ಐದು ವರ್ಷದ ಹಿಂದೆ ಅವರ ಸರ್ಕಾರ ದಾಟಿಹೋದ ಅದೇ ಮನುಷ್ಯ.

“ಸೇಡು ತೀರಿಸಿಕೊಂಡರಾ ಸರ್?” ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

“ಸೇಡು ಎಲ್ಲ ಸಿನಿಮಾದಲ್ಲಿ. ತೀರ್ಮಾನ ಸದನದ್ದು. ಎರಡೂ ಕಡೆ ಸಮಸಮ ಆದರೆ ಮಾತ್ರ ಸ್ಪೀಕರಿಗೆ ಓಟು.” ಆಮೇಲೆ ನನ್ನ ಕಡೆ ತಿರುಗಿ, “ಸ್ಪೀಕರೇ, ಹಿಂದಿನ ಬೆಂಚು ಗಲಾಟೆ ಮಾಡ್ತಾ ಉಂಟು. ಸುಮ್ನೆ ಕೂತಿದ್ದೀರಲ್ಲ?” ಅಂದರು. ನಾನು ಮೇಜು ಕುಟ್ಟಿದೆ. ಯಾರೂ ಕೇಳಲಿಲ್ಲ. ಅರ್ಧ ಗಂಟೆ ಕುಟ್ಟಿ ಕುಟ್ಟಿ ಕೈ ಕೆಂಪಾಯಿತು.

ಕಳೆದ ವರ್ಷ ಇದೇ ಕಾಲೇಜು ನನ್ನನ್ನು ಅತಿಥಿಯಾಗಿ ಕರೆದಿತ್ತು. ಮುಂದಿನ ಸಾಲು, ಹಾರ, ಶಾಲು ಎಲ್ಲ ಆಯಿತು. ಹೆಗ್ಡೆಯವರ ಕತೆಯನ್ನೇ ಹೇಳಿದೆ. ಮುಗಿದ ಮೇಲೆ ಒಬ್ಬ ಹುಡುಗ ಬಂದು, “ಸರ್, ಇದು ಎಕ್ಸಾಮಿಗೆ ಎಷ್ಟು ಮಾರ್ಕಿಗೆ ಬರುತ್ತೆ?” ಅಂತ ಕೇಳಿದ. ಅವನ ತಪ್ಪಲ್ಲ ಬಿಡಿ. ಸ್ಲೈಡು ಓದಿಸಿ, ಇಪ್ಪತ್ತು ಪ್ರಶ್ನೆಯ ಪಟ್ಟಿ ಕೈಗಿಟ್ಟು ಕಳಿಸಿದರೆ ಮಕ್ಕಳು ಬೇರೆ ಏನು ಕೇಳಬೇಕು?

ಅವತ್ತೇ ಸಂಜೆ ಮೇಷ್ಟ್ರ ಮನೆಗೆ ಹೋದೆ. ಕಣ್ಣು ಮಂಜಾಗಿತ್ತು, ದನಿ ಹಿಡಿದು ಗುರುತಿಸಿದರು. ನನಗೆ ಹಳೆಯದೊಂದು ದೂರು ಬಾಕಿ ಇತ್ತು. ಆ ದಿನ ನನಗೆ ಹಾಜರಿ ಹಾಕಿರಲಿಲ್ಲ. ಆಮೇಲೆ ಅಟೆಂಡೆನ್ಸ್ ಕಡಿಮೆ ಬಿದ್ದು ದಂಡ ಕಟ್ಟಿದ್ದೆ. ಕೊನೆಗೂ ಕೇಳಿಯೇಬಿಟ್ಟೆ: ವಾಪಸ್ ಕರೆದು ಸ್ಪೀಕರ್ ಮಾಡಿದಿರಿ, ಹಾಜರಿ ಯಾಕೆ ಹಾಕಲಿಲ್ಲ ಸರ್?

“ಸ್ಪೀಕರ್ ಬಂದದ್ದು ಹೌದು,” ಅಂದರು, “ನಿನ್ನ ಹೆಸರು ಕರೆಯುವಾಗ ನೀನು ಹೊರಗೆ ಇದ್ದಿ.”