ಕಾಂಕ್‌ನ ಬಾಗಿಲ ಮೇಲಿನ ತೀರ್ಪು

ದಕ್ಷಿಣ ಫ್ರಾನ್ಸಿನ ಅವೆರಾನ್ ಪ್ರಾಂತ್ಯದಲ್ಲಿ, ಕಡಿದಾದ ಕಣಿವೆಯೊಂದರ ಇಳಿಜಾರಿಗೆ ಅಂಟಿಕೊಂಡು ಕಾಂಕ್ ಎಂಬ ಪುಟ್ಟ ಊರಿದೆ. ಲ ಪ್ವಿ ಊರಿನಿಂದ ಸ್ಪೇನಿನ ಸಾಂತಿಯಾಗೊವರೆಗೆ ನಡೆದುಹೋಗುವ ಯಾತ್ರಿಕರು ನೂರಾರು ವರ್ಷಗಳಿಂದ ಇಲ್ಲಿ ತಂಗುತ್ತಾ ಬಂದಿದ್ದಾರೆ. ನಾನು ತುಲೂಸಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ಇಲ್ಲಿನ ಸೇಂತ್ ಫ್ವಾ ಚರ್ಚಿನ ಚಾವಣಿ ಹೇಗೆ ನಿಂತಿದೆಯೆಂದು ನೋಡುವುದೇ ನಮ್ಮ ಪ್ರವಾಸದ ಉದ್ದೇಶವಾಗಿತ್ತು. ಆದರೆ ಬಾಗಿಲಲ್ಲೇ ಅರ್ಧ ದಿನ ಕಳೆಯಿತು.

ಬಾಗಿಲ ಮೇಲೆ, ಕಮಾನಿನ ಒಳಗೆ, ಅರ್ಧಚಂದ್ರಾಕಾರದ ದೊಡ್ಡ ಕೆತ್ತನೆ ಇದೆ. ಅಗಲ ಸುಮಾರು 6.7 ಮೀಟರ್, ಎತ್ತರ 3.6 ಮೀಟರ್. 12ನೇ ಶತಮಾನದ ಮೊದಲ ಭಾಗದ್ದು. ವಿಷಯ ಕ್ರೈಸ್ತರ ಅಂತಿಮ ತೀರ್ಪು, ಅಂದರೆ ಲೋಕದ ಕೊನೆಯಲ್ಲಿ ಕ್ರಿಸ್ತ ಎಲ್ಲರ ಪಾಪಪುಣ್ಯಕ್ಕೆ ತಕ್ಕಂತೆ ಕೊಡುವ ತೀರ್ಪು. ನಡುವೆ ದೊಡ್ಡದಾಗಿ ಕ್ರಿಸ್ತ, ಅವನ ಬಲಕ್ಕೆ ಸ್ವರ್ಗ, ಎಡಕ್ಕೆ ನರಕ. ಒಟ್ಟು 124 ಆಕೃತಿಗಳು. ಕಮಾನು ಮುಂದಕ್ಕೆ ಚಾಚಿಕೊಂಡಿರುವುದರಿಂದ ಮಳೆಗಾಳಿ ನೇರವಾಗಿ ತಾಗಿಲ್ಲ. ಹಳದಿ ಸುಣ್ಣಗಲ್ಲಿನ ಮೇಲೆ ಹಳೆಯ ನೀಲಿ, ಕೆಂಪು ಬಣ್ಣದ ಗುರುತುಗಳು ಇನ್ನೂ ಉಳಿದಿವೆ.

“ರೀ, ನರಕದ ಕಡೆ ನೋಡಿ, ಮೊಲ ಮನುಷ್ಯನ್ನ ಸುಡ್ತಾ ಇದೆ” ಅಂದಳು ಹೆಂಡತಿ. ನಿಜವೇ. ಮೊಲದ ಮೂತಿಯ ದೆವ್ವವೊಂದು ಒಬ್ಬನನ್ನು ಕೋಲಿಗೆ ಕಟ್ಟಿ ಬೆಂಕಿಯ ಮೇಲೆ ಹಿಡಿದಿದೆ. ಅವನು ಈ ಚರ್ಚು ಸೇರಿದ್ದ ಮಠದ ಕಾಡಿನಲ್ಲಿ ಕದ್ದು ಬೇಟೆಯಾಡಿದವನು ಎಂಬುದು ವಾಡಿಕೆಯ ವಿವರಣೆ. ಸುತ್ತ ಕಣ್ಣಾಡಿಸಿದರೆ ಇಂಥವರೇ ಎಲ್ಲ ಕಡೆ. ಕೊರಳಿಗೆ ಹಣದ ಚೀಲ ತೂಗಿಕೊಂಡು ನೇಣಿಗೆ ಬಿದ್ದ ಜಿಪುಣ, ಕುದುರೆಯಿಂದ ತಲೆಕೆಳಗಾಗಿ ಉರುಳುವ ಕವಚಧಾರಿ ಸರದಾರ, ನಾಲಿಗೆ ಕೀಳಿಸಿಕೊಳ್ಳುತ್ತಿರುವ ಚಾಡಿಕೋರ. ಖೋಟಾ ನಾಣ್ಯ ಟಂಕಿಸಿದವನೂ ಇದ್ದಾನೆ, ಅವನ ಕಸುಬಿನ ಸಾಮಾನು ಪಕ್ಕದಲ್ಲೇ ಇದೆ, ಕರಗಿದ ಲೋಹವನ್ನು ಅವನ ಬಾಯಿಗೆ ಸುರಿಯುತ್ತಿದ್ದಾರೆ. ಬಲೆಗೆ ಸಿಕ್ಕಿದ ಧರ್ಮಾಧಿಕಾರಿಗಳನ್ನೂ ಶಿಲ್ಪಿ ಬಿಟ್ಟಿಲ್ಲ.

ಇದನ್ನೆಲ್ಲ ನೋಡುತ್ತಾ ನನಗೆ ಅನಿಸಿದ್ದು: ಲೋಕಕ್ಕೆಲ್ಲ ಸೇರಿದ ಈ ತೀರ್ಪನ್ನು ಶಿಲ್ಪಿ ಕಾಂಕ್ ಎಂಬ ಒಂದು ಊರಿನ ಅಂಗಳದಲ್ಲಿ ಕೂರಿಸಿದ್ದಾನೆ. ಆ ಊರಿನವರು ಯಾರಿಗೆ ಹೆದರುತ್ತಿದ್ದರು, ಯಾರ ಮೇಲೆ ಸಿಟ್ಟಿತ್ತು, ಯಾರನ್ನು ನಂಬಿದ್ದರು ಎಂಬುದೆಲ್ಲ ಇಲ್ಲಿ ಹೆಸರಿಲ್ಲದೆ ದಾಖಲಾಗಿದೆ.

ಸ್ವರ್ಗದ ಕಡೆಯೂ ಹಾಗೆಯೇ. ಕ್ರಿಸ್ತನ ತಾಯಿ ಮೇರಿ ಮತ್ತು ಸ್ವರ್ಗದ ಬೀಗದಕೈ ಹಿಡಿದ ಶಿಷ್ಯ ಪೀಟರ್‌ನ ಹಿಂದೆ ಒಂದು ಮೆರವಣಿಗೆ ಬರುತ್ತದೆ. ಅದರಲ್ಲಿ ಮಠಾಧಿಪತಿಯೊಬ್ಬ ಕಿರೀಟ ತೊಟ್ಟ ರಾಜನನ್ನು ಕೈಹಿಡಿದು ಕರೆತರುತ್ತಿದ್ದಾನೆ. ಆ ರಾಜ ಶಾರ್ಲಮೇನ್ ಎನ್ನುತ್ತಾರೆ. ಮಠಕ್ಕೆ ದಾನ ಕೊಟ್ಟವನೆಂದು ಐತಿಹ್ಯ ಹೇಳುವ ಚಕ್ರವರ್ತಿ ಇಲ್ಲಿ ಬೆನ್ನು ಬಗ್ಗಿಸಿ, ಅಳುಕುತ್ತಾ ಹೆಜ್ಜೆ ಇಡುತ್ತಾನೆ. ಅವನ ಹಿಂದಿನವರು ಕಾಣಿಕೆ ಹೊತ್ತು ಬರುತ್ತಿದ್ದಾರೆ, ಅವನ ಪರವಾಗಿ ಸಾಕ್ಷಿ ಹೇಳುವವರಂತೆ.

ನನ್ನ ಕಣ್ಣು ಹೆಚ್ಚು ಹೊತ್ತು ನಿಂತದ್ದು ಅದರ ಕೆಳಗಿನ ಒಂದು ಮೂಲೆಯಲ್ಲಿ. ಅಲ್ಲಿ ಪುಟ್ಟ ಕಮಾನುಗಳಿರುವ ಒಂದು ಚರ್ಚು. ಒಳಗೆ ಮೊಣಕಾಲೂರಿ ಬಾಗಿರುವ ಹುಡುಗಿಯೇ ಸೇಂತ್ ಫ್ವಾ. ಮೇಲಿನಿಂದ ದೇವರ ಕೈಯೊಂದು ಅವಳತ್ತ ಚಾಚಿದೆ. ಅವಳ ಹಿಂದೆ ಕಮಾನುಗಳಿಗೆ ಬೇಡಿಗಳು ನೇತುಬಿದ್ದಿವೆ. ಈ ಹುಡುಗಿ ರೋಮನ್ನರ ಕಾಲದಲ್ಲಿ ಆಜಾನ್ ಊರಿನಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟವಳು. ಸೆರೆಯಲ್ಲಿದ್ದವರು ಅವಳನ್ನು ಬೇಡಿಕೊಂಡರೆ ಬಿಡುಗಡೆ ಆಗುತ್ತದೆಂಬ ನಂಬಿಕೆ ಬೆಳೆಯಿತು. ಬಿಡುಗಡೆ ಆದವರು ತಮ್ಮ ಬೇಡಿಗಳನ್ನೇ ತಂದು ಹರಕೆ ಒಪ್ಪಿಸುತ್ತಿದ್ದರು. 11ನೇ ಶತಮಾನದಲ್ಲಿ ಅವಳ ಪವಾಡಗಳನ್ನು ಬರೆದಿಟ್ಟ ಬರ್ನಾರ್ಡ್ ಎಂಬ ವಿದ್ವಾಂಸ ಈ ಸಂಗತಿಯನ್ನು ದಾಖಲಿಸಿದ್ದಾನೆ. ಚರ್ಚಿನೊಳಗೆ ಗರ್ಭಗುಡಿಯ ಸುತ್ತ ಇರುವ ಕಬ್ಬಿಣದ ಜಾಲರಿಯನ್ನು ಆ ಬೇಡಿಗಳನ್ನು ಕರಗಿಸಿ ಮಾಡಿದ್ದೆಂದು ಸ್ಥಳೀಯರು ಹೇಳುತ್ತಾರೆ. ಹೊರಗೆ ಕಲ್ಲಿನಲ್ಲಿ ಕಂಡ ಬೇಡಿ ಒಳಗೆ ಕಬ್ಬಿಣವಾಗಿ ಸಿಗುತ್ತದೆ. ಓದಲು ಬಾರದ ಯಾತ್ರಿಕನಿಗೂ ಇದು ತಿಳಿಯುತ್ತಿತ್ತು.

ಅವಳ ಅಸ್ಥಿಗಳು ಇಲ್ಲಿಗೆ ಬಂದದ್ದು ಕಳವಿನಿಂದ. ಸುಮಾರು 866ರಲ್ಲಿ ಕಾಂಕ್‌ನ ಸನ್ಯಾಸಿಯೊಬ್ಬ ಆಜಾನ್‌ನಲ್ಲಿ ವರ್ಷಗಟ್ಟಲೆ ಉಳಿದು, ಅಲ್ಲಿಯವರ ನಂಬಿಕೆ ಗಳಿಸಿ, ಅಸ್ಥಿಗಳನ್ನು ಹೊತ್ತು ತಂದ ಎಂಬ ಕಥೆಯನ್ನು ಮಠವೇ ಹೇಳಿಕೊಂಡಿದೆ. ಆಗಿನಿಂದ ಯಾತ್ರಿಕರು ಬರತೊಡಗಿದರು, ಹಳೆಯ ಚರ್ಚು ಸಾಲದಾಯಿತು. 11ನೇ ಶತಮಾನದ ನಡುವೆ ಒಡೊಲ್ರಿಕ್ ಎಂಬ ಮಠಾಧಿಪತಿಯ ಕಾಲದಲ್ಲಿ ಈಗಿನ ಕಟ್ಟಡ ಶುರುವಾಯಿತು.

ಇನ್ನು ನನ್ನ ಕಸುಬಿನ ಮಾತು. ಇಳಿಜಾರಿನಲ್ಲಿ ಸಮತಟ್ಟು ಜಾಗ ಕಡಿಮೆ, ಹಾಗಾಗಿ ಚರ್ಚಿನ ಉದ್ದ ಸುಮಾರು 56 ಮೀಟರ್ ಮಾತ್ರ. ಆದರೆ ನಡುವಣ ಅಂಕಣದ ಎತ್ತರ 22 ಮೀಟರ್, ತನ್ನ ಅಗಲದ ಮೂರು ಪಟ್ಟಿಗೂ ಹೆಚ್ಚು. ಅದರ ಮೇಲಿರುವುದು ಪೀಪಾಯಿಯನ್ನು ಉದ್ದಕ್ಕೆ ಸೀಳಿ ಮಗುಚಿದಂಥ ಕಲ್ಲಿನ ಕಮಾನು ಚಾವಣಿ. ಇಂಥ ಚಾವಣಿ ಉದ್ದಕ್ಕೂ ಎರಡೂ ಬದಿಯ ಗೋಡೆಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಇದಕ್ಕೆ ಅವರು ಕಂಡುಕೊಂಡ ದಾರಿ ಸೊಗಸಾದದ್ದು. ನಡುವಣ ಅಂಕಣದ ಎರಡೂ ಪಕ್ಕದಲ್ಲಿ ಉದ್ದಕ್ಕೂ ಸಾಗುವ ಕಿರಿದಾದ ಸಾಲುಗಳ ಮೇಲೆ ಒಂದು ಮಹಡಿ ಕಟ್ಟಿ, ಅದಕ್ಕೆ ಅರ್ಧ ಕಮಾನಿನ ಚಾವಣಿ ಹಾಕಿದರು. ಆ ಅರ್ಧ ಕಮಾನು ಸರಿಯಾಗಿ ನಡುವಣ ಚಾವಣಿ ತಳ್ಳುವ ಎತ್ತರದಲ್ಲಿ ಗೋಡೆಗೆ ಒರಗುತ್ತದೆ. ಒತ್ತಡ ಅಲ್ಲಿಂದ ಹೊರಗೋಡೆಗೆ, ಹೊರಗೋಡೆಯಿಂದ ನೆಲಕ್ಕೆ ಇಳಿಯುತ್ತದೆ. ನಾನು ಕಂಪ್ಯೂಟರಿನಲ್ಲಿ ಬಾಣದ ಗುರುತು ಹಾಕಿ ತೋರಿಸುವ ಬಲದ ಹಾದಿಯನ್ನು ಇಲ್ಲಿ ಬರಿಗಣ್ಣಿನಿಂದ ಹಿಂಬಾಲಿಸಬಹುದು. ನಡುವಣ ಗೋಡೆಯ ತುದಿಯಲ್ಲಿ ಕಿಟಕಿ ಕೊರೆಯದೆ, ಬೆಳಕನ್ನು ಮಹಡಿಯ ಮೂಲಕ ಒಳಗೆ ತಂದದ್ದಕ್ಕೂ ಇದೇ ಕಾರಣ.

ಯಾತ್ರಿಕರ ಓಡಾಟಕ್ಕೆ ಮಾಡಿದ ಏರ್ಪಾಡೂ ಅಷ್ಟೇ ಲೆಕ್ಕಾಚಾರದ್ದು. ಪಕ್ಕದ ಸಾಲುಗಳು ಶಿಲುಬೆಯಾಕಾರದ ಈ ಚರ್ಚಿನ ಅಡ್ಡ ತೋಳುಗಳನ್ನು ಸುತ್ತಿಕೊಂಡು, ಗರ್ಭಗುಡಿಯ ಹಿಂದೆ ಪ್ರದಕ್ಷಿಣಾಪಥವಾಗಿ ಸುತ್ತಿ ಬರುತ್ತವೆ. ನಡುವೆ ಪೂಜೆ ನಡೆಯುತ್ತಿದ್ದರೂ ಜನ ಅದಕ್ಕೆ ಅಡ್ಡಿಯಾಗದೆ ಸುತ್ತಿ ಹೋಗಬಹುದು. ಕಂಬಗಳ ತಲೆಗಳಲ್ಲೂ ಕೆತ್ತನೆ ತುಂಬಿದೆ. ಬಹುಪಾಲು ನಾಶವಾದ ಪಕ್ಕದ ಅಂಗಳದಲ್ಲಿ ಉಳಿದಿರುವ ಒಂದು ಕಂಬದ ತಲೆಯಲ್ಲಿ ಕಟ್ಟಡ ಕೆಲಸದವರೇ ಇದ್ದಾರೆ. ಅರ್ಧ ಎದ್ದ ಗೋಡೆಯ ಮೇಲಿಂದ, ಕೈಯಲ್ಲಿ ಸಲಕರಣೆ ಹಿಡಿದು ನೋಡುತ್ತಿದ್ದಾರೆ. ಈ ಇಡೀ ಚರ್ಚಿನಲ್ಲಿ ನನಗೆ ಅತ್ಯಂತ ಹತ್ತಿರವಾದ ಕೆತ್ತನೆ ಅದು.

ಕಿಟಕಿಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 104 ಕಿಟಕಿಗಳ ಗಾಜನ್ನು ರೂಪಿಸಿದವರು ಪಕ್ಕದ ರೊದೆಜ್‌ನಲ್ಲಿ ಹುಟ್ಟಿದ ಚಿತ್ರಕಾರ ಪಿಯೆರ್ ಸುಲಾಜ್. ಕೆಲಸ ಮುಗಿದದ್ದು 1994ರಲ್ಲಿ. ಬಣ್ಣವೂ ಇಲ್ಲ, ಸಂತರ ಚಿತ್ರವೂ ಇಲ್ಲ. ಮಸುಕು ಗಾಜಿನ ಮೇಲೆ ಬಾಗಿದ ಸೀಸದ ಗೆರೆಗಳು ಅಷ್ಟೇ. ಆಗ ಊರಿನಲ್ಲಿ ಇದಕ್ಕೆ ವಿರೋಧವಿತ್ತು. ನಾನು ಸುಲಾಜ್ ಪರ. ಇಲ್ಲಿನ ಗೋಡೆಗಳಿಗೆ ಆಗಲೇ ಮೂರು ಬಣ್ಣದ ಕಲ್ಲಿದೆ: ಹಳದಿ ಸುಣ್ಣಗಲ್ಲು, ಕೆಂಪು ಮರಳುಗಲ್ಲು, ಬೂದು ಪದರಗಲ್ಲು. ಬಣ್ಣದ ಗಾಜಿನ ಬೆಳಕು ಬಿದ್ದರೆ ಈ ಮೂರೂ ತಮ್ಮ ನಿಜವಾದ ಬಣ್ಣ ಕಳೆದುಕೊಳ್ಳುತ್ತವೆ. ಈಗಿನ ಬೆಳಕಿನಲ್ಲಿ ಉಳಿಯ ಗುರುತೂ ಕಾಣುತ್ತದೆ.

ಹೋಗುವವರಿಗೆ ಒಂದು ಮಾತು. ಈ ಬಾಗಿಲು ಪಶ್ಚಿಮಕ್ಕೆ ಮುಖ ಮಾಡಿದೆ, ಆದ್ದರಿಂದ ಮಧ್ಯಾಹ್ನದ ನಂತರವೇ ನೋಡಿ. ಸಣ್ಣ ದುರ್ಬೀನು ಇಟ್ಟುಕೊಳ್ಳಿ. ಕಮಾನಿನ ಅಂಚಿನ ಸುತ್ತ, ಸುರುಳಿ ಪಟ್ಟಿಯನ್ನು ಬೆರಳಿನಿಂದ ಹಿಡಿದು ಇಣುಕುವ ಪುಟ್ಟ ಮುಖಗಳಿವೆ. ಕೆಳಗಿನಿಂದ ಬರಿಗಣ್ಣಿಗೆ ಅವು ಸುಲಭವಾಗಿ ತಪ್ಪಿಹೋಗುತ್ತವೆ.